ಕಾಚಂಪುಳಿ ಬಾಟ್ಲಿ, ಗಾರ್ಸೀನಿಯಾ ಡಬ್ಬಿ ಮತ್ತು ಸಿಕ್ಸ್ ಪ್ಯಾಕ್

ಭಾಗ 1/8

"ತೂಕ ಇಳೀತು, ಆದ್ರೆ ಹೊಟ್ಟೆ ಮಾತ್ರ ಹಾಗೇ ಇದೆ. ಪ್ಯಾಕ್ ಯಾವಾಗ ಕಾಣುತ್ತೆ?" ಕ್ಲಾಸಲ್ಲೂ ಇದೇ ಪ್ರಶ್ನೆ, ಮೆಸೇಜಲ್ಲೂ ಇದೇ ಪ್ರಶ್ನೆ. ಕೇಳ್ತಿರೋರು ಸುಮ್ನೆ ಕೇಳ್ತಿಲ್ಲ. ಅನ್ನ ಬಿಟ್ಟು, ಬೆಳಿಗ್ಗೆ ಓಡಿ, ನಿಜವಾಗ್ಲೂ ಕಿಲೋಗಟ್ಟಲೆ ಇಳಿಸಿದೋರು. ಅವರಲ್ಲೊಬ್ಬರು ಆನ್‌ಲೈನಲ್ಲಿ ತರಿಸಿದ ಒಂದು ಡಬ್ಬಿಯ ಫೋಟೋ ಕಳಿಸಿದ್ರು: ಫ್ಯಾಟ್ ಬರ್ನರ್ ಕ್ಯಾಪ್ಸೂಲ್. ದಿನಕ್ಕೆ ಎರಡು ತಗೋತಿದಾರಂತೆ, ಮನೇಲಿ ಹೇಳಿಲ್ಲ.

ಕಂಪೆನಿ ಹೆಸರು ಇಲ್ಲಿ ಬೇಡ. ಡಬ್ಬಿ ಹಿಂದಿನ ಸಣ್ಣ ಅಕ್ಷರ ಮಾತ್ರ ಬೇಕು. ಮೊದಲನೇ ಪದಾರ್ಥ: ಗಾರ್ಸೀನಿಯಾ ಕ್ಯಾಂಬೋಜಿಯಾ.

ಅದು ಏನು ಗೊತ್ತಾ? ಅಮ್ಮತ್ತಿಯಿಂದ ಯಾವ ಕಡೆ ಹೋದ್ರೂ ತೋಟದ ಅಂಚಲ್ಲೋ ದೇವರಕಾಡಲ್ಲೋ ನಿಂತಿರೋ ಮರ. ಪಣಪುಳಿ. ನಿಮ್ಮ ಅಡುಗೆಮನೆಯಲ್ಲಿ ಕಪ್ಪು ಬಾಟ್ಲಿಯಲ್ಲಿರೋ ಕಾಚಂಪುಳಿ ಅದೇ ಹಣ್ಣಿನದು. ವಿಜ್ಞಾನಿಗಳು ಈಗ ಆ ಮರಕ್ಕೆ ಗಾರ್ಸೀನಿಯಾ ಗಮ್ಮಿ-ಗಟ್ಟಾ ಅಂತಾರೆ, ಡಬ್ಬಿ ಮಾರೋರು ಮಾತ್ರ ಹಳೇ ಹೆಸರನ್ನೇ ಇಟ್ಕೊಂಡಿದಾರೆ.

ನಮ್ಮ ಪಂದಿ ಕರಿಯ ಹುಳಿ ಅಮೆರಿಕಕ್ಕೆ ಹೋಗಿ "ಹೊಟ್ಟೆ ಕರಗಿಸೋ ಮಾತ್ರೆ" ಆಗಿ ವಾಪಸ್ ನಮಗೇ ಮಾರಾಟವಾಗ್ತಿರೋದು ಹೇಗೆ? ಈ ಸರಣಿಯಲ್ಲಿ ಅದೇ ಕಥೆ. ಇದರ ಪಕ್ಕಕ್ಕೆ ಇನ್ನೊಂದು ಕಥೆಯೂ ಇದೆ, ಬೆಂಗಳೂರಿನ ಒಬ್ಬ ಮೇಷ್ಟ್ರದ್ದು. ಕೊಬ್ಬು ಇಳಿಸೋದು ಒಂದು ಕೆಲಸ, ಸ್ನಾಯು ಕಟ್ಟೋದು ಇನ್ನೊಂದು ಕೆಲಸ. ನೂರು ವರ್ಷದಿಂದ ಇವೆರಡನ್ನೂ ಒಂದೇ ಪೊಟ್ಟಣದಲ್ಲಿ ಸುತ್ತಿ ಮಾರ್ತಿದಾರೆ.

ಭಾಗ 2/8

ಮೊದಲು ಹಣ್ಣು. ಮಂಗಳೂರು ಕಡೆಯೋರು ಜ್ಯೂಸ್ ಮಾಡೋ ಕೆಂಪು ಪುನರ್ಪುಳಿ ಬೇರೆ. ಅದು ಇದರ ದಾಯಾದಿ, ಇದೇ ಅಲ್ಲ. ನಮ್ಮದು ಹಳದಿಗೆ ತಿರುಗೋ, ಪುಟ್ಟ ಕುಂಬಳಕಾಯಿ ಹಾಗೆ ಗೆರೆಗೆರೆ ಇರೋ ಹಣ್ಣು. ಕೇರಳದೋರು ಸಿಪ್ಪೆ ಒಣಗಿಸಿ, ಕುಡಂಪುಳಿ ಅಂತ ಮೀನು ಸಾರಿಗೆ ಹಾಕ್ತಾರೆ. ಉತ್ತರ ಕನ್ನಡದಲ್ಲಿ ಇದಕ್ಕೆ ಉಪ್ಪಾಗೆ ಅಂತ ಹೆಸರು.

ಕೊಡಗಿನಲ್ಲಿ ಮಾಡೋ ರೀತಿ ಬೇರೆ. ಮಳೆಗಾಲದಲ್ಲಿ ಹಣ್ಣಾಗಿ ಬಿದ್ದದ್ದನ್ನು ಆರಿಸಿ, ಬುಟ್ಟಿಯಲ್ಲಿ ತುಂಬಿ, ಕೆಳಗೆ ಪಾತ್ರೆ ಇಡ್ತಾರೆ. ರಸ ತಾನಾಗೇ ತೊಟ್ಟಿಕ್ಕಬೇಕು, ದಿನಗಟ್ಟಲೆ. ಆಮೇಲೆ ಒಲೆ ಮೇಲೆ ಗಂಟೆಗಟ್ಟಲೆ ಕಾಯಿಸಿ, ಕಪ್ಪಗೆ ಗಟ್ಟಿಯಾಗೋವರೆಗೆ ಇಳಿಸಬೇಕು. ಬುಟ್ಟಿಗಟ್ಟಲೆ ಹಣ್ಣಿಗೆ ಸಿಗೋದು ಸ್ವಲ್ಪವೇ. ಅದಕ್ಕೇ ಬೆಲೆ ಜಾಸ್ತಿ, ಅದಕ್ಕೇ ಪಂದಿ ಕರಿಗೆ ಚಮಚದ ಲೆಕ್ಕದಲ್ಲಿ ಹಾಕೋದು. ಸರಿಯಾಗಿ ಕಾಯಿಸಿದ್ದು ವರ್ಷಗಟ್ಟಲೆ ಕೆಡಲ್ಲ.

"ಕಾಚಂಪುಳಿ ಹಾಕಿದ್ರೆ ಹಂದಿ ಕೊಬ್ಬು ಕರಗುತ್ತೆ, ಮೈಗೆ ಹತ್ತಲ್ಲ" ಅನ್ನೋ ಮಾತು ಎಲ್ಲರೂ ಕೇಳಿರ್ತೀರಿ. ಊಟಕ್ಕೆ ಕೂತಾಗ ಮೂರನೇ ಸಲ ಬಡಿಸ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ನೆಪ ಇಲ್ಲ. ಹುಳಿ ಮಾಂಸವನ್ನು ಮೆತ್ತಗೆ ಮಾಡುತ್ತೆ, ಕೆಡದ ಹಾಗೆ ಕಾಪಾಡುತ್ತೆ, ನಾಲಗೆ ಮೇಲಿನ ಜಿಡ್ಡು ಕಡಿಮೆ ಅನ್ನಿಸುತ್ತೆ. ಪಾತ್ರೆಯಲ್ಲಿರೋ ಕೊಬ್ಬಿನ ಲೆಕ್ಕ ಮಾತ್ರ ಬದಲಾಗಲ್ಲ.

ಭಾಗ 3/8

ಈಗ ಮೈಸೂರಿಗೆ ಹೋಗೋಣ. 1950ರಲ್ಲಿ ಚೆಲುವಾಂಬಾ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾಯ್ತು, ಅಂದ್ರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ. ನಮ್ಮ ಹಣ್ಣಿನ ಹುಳಿ ಯಾವುದು ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲೇ. ಅದಕ್ಕೂ ಮೊದಲು ಇದರಲ್ಲಿರೋದು ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಮತ್ತು ನಿಂಬೆಹಣ್ಣಿನ ಸಿಟ್ರಿಕ್ ಆಮ್ಲ ಅಂತ ನಂಬಿದ್ರು. ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇದರ ಮುಖ್ಯ ಆಮ್ಲ ಬೇರೆಯೇ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಅಂತ ತೋರಿಸಿದ್ರು. ಡಬ್ಬಿ ಮೇಲೆ "ಎಚ್‌ಸಿಎ 60%" ಅಂತ ಇರುತ್ತಲ್ಲ, ಆ ಮೂರಕ್ಷರದ ಹಿಂದಿರೋದು ಈ ಆಮ್ಲ.

ಆಗ ತೂಕದ ಮಾತೇ ಇರಲಿಲ್ಲ. ಹಣ್ಣಿನೊಳಗೆ ಏನಿದೆ ಅನ್ನೋ ಸಾದಾ ಕುತೂಹಲ ಅಷ್ಟೇ.

ತೂಕದ ಮಾತು ಬಂದದ್ದು 1969ರಲ್ಲಿ, ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ. ಜಾನ್ ಲೊವೆನ್‌ಸ್ಟೀನ್ ಮತ್ತು ಜೊತೆಗಾರರು ಈ ಆಮ್ಲ ನಮ್ಮ ಜೀವಕೋಶದ ಒಂದು ಕಿಣ್ವವನ್ನು ತಡೆಯುತ್ತೆ ಅಂತ ಕಂಡ್ರು. ಸಕ್ಕರೆ, ಅನ್ನ ಇವು ಹೆಚ್ಚಾದಾಗ ಅವನ್ನು ಕೊಬ್ಬಾಗಿ ತಿರುಗಿಸೋ ದಾರಿಯಲ್ಲಿ ಈ ಕಿಣ್ವ ಒಂದು ಗೇಟಿನ ಹಾಗೆ ಕೂತಿದೆ. ಗೇಟ್ ಮುಚ್ಚಿದ್ರೆ ಹೊಸ ಕೊಬ್ಬು ತಯಾರಾಗಲ್ಲ. 1970ರ ದಶಕದಲ್ಲಿ ಹಾಫ್‌ಮನ್-ಲಾ ರೋಷ್ ಔಷಧ ಕಂಪೆನಿಯ ವಿಜ್ಞಾನಿಗಳು ಇಲಿಗಳಿಗೆ ಕೊಟ್ಟು ನೋಡಿದ್ರು. ಇಲಿಗಳು ಕಡಿಮೆ ತಿಂದವು, ಕಡಿಮೆ ದಪ್ಪಗಾದವು.

ಆದ್ರೆ ಮನುಷ್ಯ ಇಲಿ ಅಲ್ಲ. ನಾವು ಮಾಮೂಲಿ ಊಟ ಮಾಡುವಾಗ ಅನ್ನದಿಂದ ಹೊಸದಾಗಿ ಕೊಬ್ಬು ತಯಾರಿಸೋದು ಬಹಳ ಕಡಿಮೆ. ತಿಂದ ಎಣ್ಣೆ, ತುಪ್ಪ, ಮಾಂಸದ ಕೊಬ್ಬು ನೇರವಾಗಿ ಹೋಗಿ ಕೂರುತ್ತೆ. ಅಂದ್ರೆ ಹೆಚ್ಚು ಜನ ಓಡಾಡದ ದಾರಿಯ ಗೇಟಿಗೆ ಬೀಗ ಹಾಕಿದ ಹಾಗಾಯ್ತು.

ಭಾಗ 4/8

ಈ ಭಾಗವನ್ನು ಸೇವ್ ಮಾಡ್ಕೊಳ್ಳಿ. ಯಾರಾದ್ರೂ ಡಬ್ಬಿ ಮಾರೋಕೆ ಬಂದ್ರೆ ತೋರಿಸಿ.

1998ರ ನವೆಂಬರ್. ಅಮೆರಿಕದ ವೈದ್ಯರ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಸ್ಟೀವನ್ ಹೇಮ್ಸ್‌ಫೀಲ್ಡ್ ತಂಡದ ಪ್ರಯೋಗ ಬಂತು. ತೂಕ ಹೆಚ್ಚಿದ್ದ 135 ಜನ. ಎಲ್ಲರಿಗೂ ಒಂದೇ ತರಹದ ನಾರು ಜಾಸ್ತಿ, ಕ್ಯಾಲರಿ ಕಡಿಮೆ ಇರೋ ಊಟ. ಅರ್ಧದಷ್ಟು ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದೋರಿಗೆ ನೋಡೋಕೆ ಹಾಗೇ ಇರೋ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ತಗೊಂಡೋರಿಗೂ ಗೊತ್ತಿಲ್ಲ, ಕೊಟ್ಟೋರಿಗೂ ಗೊತ್ತಿಲ್ಲ. 12 ವಾರ.

ಫಲಿತಾಂಶ? ಗಾರ್ಸೀನಿಯಾ ತಗೊಂಡೋರು ಸರಾಸರಿ 3.2 ಕಿಲೋ ಇಳಿದ್ರು. ಖಾಲಿ ಮಾತ್ರೆ ನುಂಗಿದೋರು 4.1 ಕಿಲೋ.

ಇನ್ನೊಂದ್ಸಲ ಓದಿ. ಖಾಲಿ ಮಾತ್ರೆಯೋರು ಗೆದ್ರು ಅಂತ ಕುಣಿಯೋದು ಬೇಡ, ಆ ವ್ಯತ್ಯಾಸ ಲೆಕ್ಕಶಾಸ್ತ್ರದ ಪ್ರಕಾರ ದೊಡ್ಡದಲ್ಲ. ಎರಡೂ ಗುಂಪು ಇಳಿದದ್ದು ಊಟದಿಂದ. ಮಾತ್ರೆ ಅಲ್ಲಿ ಪ್ರೇಕ್ಷಕ.

ಇಷ್ಟಾದ ಮೇಲೆ ವ್ಯಾಪಾರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. 2012ರಲ್ಲಿ ಅಮೆರಿಕದ ಟಿವಿ ವೈದ್ಯ ಡಾ. ಆಜ್ ತನ್ನ ಕಾರ್ಯಕ್ರಮದಲ್ಲಿ ಗಾರ್ಸೀನಿಯಾವನ್ನು ಹೊಗಳಿದ್ರು, ಮಾರಾಟ ಮತ್ತೆ ಚಿಗುರಿತು. ಇಂಥ ಮಾತುಗಳಿಗೆ 2014ರಲ್ಲಿ ಅವರು ಸೆನೆಟ್ ಸಮಿತಿ ಮುಂದೆ ಕೂತು ಬೈಸಿಕೊಂಡ್ರು. ಬೈದ ವಿಡಿಯೋಕ್ಕಿಂತ ಹೊಗಳಿದ ವಿಡಿಯೋ ದೂರ ಹೋಗುತ್ತೆ, ಅದು ಈ ಆ್ಯಪ್‌ನಲ್ಲಿರೋ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾಗ 5/8

ಲಾಭ ಇಲ್ಲ ಅನ್ನೋದಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಬಿಡಬಹುದಿತ್ತು.

2009ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ 'ಹೈಡ್ರಾಕ್ಸಿಕಟ್' ಅನ್ನೋ ತೂಕ ಇಳಿಸೋ ಉತ್ಪನ್ನಗಳನ್ನು ಬಳಸಬೇಡಿ ಅಂತ ಎಚ್ಚರಿಸಿತು. ಯಕೃತ್ತಿಗೆ, ಅಂದ್ರೆ ಲಿವರಿಗೆ, ಪೆಟ್ಟಾದ 23 ವರದಿಗಳು ಬಂದಿದ್ದವು. ಅದರಲ್ಲಿ ಒಂದು ಸಾವು, 19 ವರ್ಷದ ಹುಡುಗ. ಆ ಉತ್ಪನ್ನಗಳಲ್ಲಿ ಹತ್ತಾರು ವಸ್ತುಗಳು ಬೆರೆತಿದ್ವು, ಕೆಲವು ಬಗೆಗಳಲ್ಲಿ ಗಾರ್ಸೀನಿಯಾನೂ ಇತ್ತು. ಹಾಗಾಗಿ ಯಾವುದರಿಂದ ಆಯ್ತು ಅಂತ ಬೆರಳು ತೋರಿಸೋದು ಕಷ್ಟವಾಯ್ತು. ಆದ್ರೆ ಆಮೇಲೆ ಗಾರ್ಸೀನಿಯಾ ಒಂದನ್ನೇ ತಗೊಂಡೋರಲ್ಲೂ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಎಲ್ಲರಿಗೂ ಆಗಲ್ಲ, ಅಪರೂಪ. ಆಗೋದು ಯಾರಿಗೆ ಅಂತ ಮೊದಲೇ ಗೊತ್ತಾಗಲ್ಲ.

ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಹೊಟ್ಟೆ ತೊಳೆಸೋದು, ವಿಪರೀತ ಸುಸ್ತು: ಇವುಗಳಲ್ಲಿ ಒಂದು ಕಂಡ್ರೂ ಡಬ್ಬಿ ಬದಿಗಿಟ್ಟು ಡಾಕ್ಟರ ಹತ್ರ ಹೋಗಿ. ಡಬ್ಬಿಯನ್ನೂ ಜೊತೆಗೆ ತಗೊಂಡು ಹೋಗಿ, ಮುಚ್ಚಿಡಬೇಡಿ. ಕರಿಗೆ ಹಾಕೋ ಕಾಚಂಪುಳಿಗೆ ಹೆದರಬೇಕಾಗಿಲ್ಲ. ವಾರಕ್ಕೊಮ್ಮೆ ಮನೆಮಂದಿಗೆಲ್ಲ ಸೇರಿ ಒಂದೆರಡು ಚಮಚ ಎಲ್ಲಿ, ಸಾರ ತೆಗೆದು ಪುಡಿ ಮಾಡಿ ದಿನಾ ನುಂಗೋದು ಎಲ್ಲಿ.

ಪೆಟ್ಟು ತಿಂದದ್ದು ಮನುಷ್ಯರು ಮಾತ್ರ ಅಲ್ಲ. 1990ರ ದಶಕದಲ್ಲಿ ಎಚ್‌ಸಿಎ ರಫ್ತು ಶುರುವಾದಾಗ ಶಿರಸಿ, ಸಿದ್ದಾಪುರ ಕಡೆ ಉಪ್ಪಾಗೆ ಸಿಪ್ಪೆಗೆ ಇದ್ದಕ್ಕಿದ್ದ ಹಾಗೆ ಬೆಲೆ ಬಂತು. ಅಲ್ಲಿವರೆಗೆ ಹಣ್ಣಾಗಿ ಬಿದ್ದ ಮೇಲೆ ಆರಿಸ್ತಿದ್ದೋರು, ಪಕ್ಕದೋರು ಮೊದಲು ಕಿತ್ತುಬಿಡ್ತಾರೆ ಅಂತ ಕಾಯಿಯನ್ನೇ ಕೀಳೋಕೆ ಶುರುಮಾಡಿದ್ರು, ಕೊಂಬೆಯನ್ನೇ ಕಡಿದ್ರು. ಮಳೆಗಾಲದಲ್ಲಿ ಬಿಸಿಲಿಲ್ಲ, ಸಿಪ್ಪೆ ಒಣಗಿಸೋಕೆ ಬೆಂಕಿ ಬೇಕು, ಅದಕ್ಕೆ ಮತ್ತೆ ಕಾಡಿನ ಸೌದೆ. ಆಮೇಲೆ ಬೆಲೆ ಬಿತ್ತು. ದೂರದ ಯಾರದೋ ಸೊಂಟದಳತೆಗಾಗಿ ನಮ್ಮ ಘಟ್ಟದ ಮರ ಕೊಂಬೆ ಕಳ್ಕೊಂಡಿತು, ಆ ಸೊಂಟವೂ ಇಳೀಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಸಿಟ್ಟು ಬರೋದು ಇಲ್ಲೇ.

ಭಾಗ 6/8

ಕೊಬ್ಬಿನ ಕಥೆ ಆಯ್ತು. ಇನ್ನು ಸ್ನಾಯುವಿನ ಕಥೆ. ಪ್ಯಾಕ್ ಅನ್ನೋದು ಚಂದ ಅಂತ ನಮಗೆ ಯಾವಾಗ ಅನ್ನಿಸ್ತು?

ಶ್ರವಣಬೆಳಗೊಳಕ್ಕೆ ಟೂರ್ ಹೋದ ಫೋಟೋ ಇದ್ರೆ ತೆಗೆದು ಜೂಮ್ ಮಾಡಿ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ 57 ಅಡಿಯ ಗೊಮ್ಮಟ. ಕಥೆಯ ಪ್ರಕಾರ ಅಣ್ಣ ಭರತನನ್ನು ಮಲ್ಲಯುದ್ಧದಲ್ಲಿ ಗೆದ್ದ ಜಟ್ಟಿ. ಅಗಲ ಭುಜ, ಉದ್ದ ತೋಳು. ಹೊಟ್ಟೆ ನೋಡಿ: ನಯವಾಗಿದೆ. ಆರು ಕಟ್ಟು ಇಲ್ಲ. ಶಿಲ್ಪಿಗೆ ಬರ್ತಿರಲಿಲ್ಲ ಅಂತಲ್ಲ. ಬಾಹುಬಲಿಯ ಬಲ ತೋರಿಸೋಕೆ ಅದು ಬೇಕು ಅಂತ ಅವನಿಗೆ ಅನ್ನಿಸಲೇ ಇಲ್ಲ.

ಮೈಸೂರಿನ ಗರಡಿಮನೆಗಳಲ್ಲೂ ಹಾಗೇ. ಹಾಲು, ತುಪ್ಪ, ಬಾದಾಮಿ ತಿಂದು, ಕೆಮ್ಮಣ್ಣಲ್ಲಿ ಸಾಮು ಮಾಡೋ ಪೈಲ್ವಾನರಿಗೆ ಹೊಟ್ಟೆ ತುಂಬಿಕೊಂಡಿರೋದು ಅವಮಾನ ಅಲ್ಲ. ಎದುರಾಳಿ ಎತ್ತೋಕೆ ಬಂದಾಗ ಕದಲಬಾರದು ಅಷ್ಟೇ. ನಮ್ಮಲ್ಲಂತೂ ಕುಪ್ಯ ತೊಟ್ಟು, ಚೇಲೆ ಬಿಗಿದು, ಪೀಚೆಕತ್ತಿ ಸಿಗಿಸಿದ ಮೇಲೆ ಹೊಟ್ಟೆ ಹೇಗಿದೆ ಅಂತ ಯಾರಿಗೆ ಕಾಣುತ್ತೆ!

ಬದಲಾಯಿಸಿದ್ದು ಕ್ಯಾಮೆರಾ. ಯೂಜೆನ್ ಸ್ಯಾಂಡೋ ಅನ್ನೋ ಯುರೋಪಿನ ಬಲಶಾಲಿ ಗ್ರೀಕ್ ಪ್ರತಿಮೆಗಳ ಹಾಗೆ ನಿಂತು ಫೋಟೋ ತೆಗೆಸಿಕೊಂಡ. ಅಮೃತಶಿಲೆ ಹಾಗೆ ಕಾಣಲಿ ಅಂತ ಮೈಗೆ ಬಿಳಿ ಪುಡಿ ಬಳ್ಕೋತಿದ್ದ (ಫಿಲ್ಟರ್ ಹೊಸದು ಅಂದ್ಕೊಂಡಿದ್ರಾ?). 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದೊಡ್ಡ ದೇಹದಾರ್ಢ್ಯ ಸ್ಪರ್ಧೆ ನಡೆಸಿದ. ತೀರ್ಪುಗಾರರಲ್ಲಿ ಒಬ್ಬರು ಷೆರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್. 1904-05ರಲ್ಲಿ ಭಾರತಕ್ಕೂ ಬಂದ. ಅವನ ಫೋಟೋ, ಪುಸ್ತಕ, ಅಂಚೆಯಲ್ಲಿ ಬರೋ ವ್ಯಾಯಾಮ ಪಾಠ ಇಲ್ಲಿನ ಯುವಕರ ಕೈಗೆ ಸಿಕ್ಕವು. ಬ್ರಿಟಿಷರು ನಮ್ಮನ್ನು ದುರ್ಬಲರು ಅಂತ ಕರೀತಿದ್ದ ಕಾಲ ಅದು. ಮೈ ಕಟ್ಟೋದು ಬರೀ ಶೋಕಿ ಆಗಿರಲಿಲ್ಲ.

ಭಾಗ 7/8

ಆ ಗಾಳಿ ಬೆಂಗಳೂರಿಗೆ ಬೀಸಿದಾಗ ಎದ್ದು ನಿಂತವರು ಕೆ.ವಿ. ಅಯ್ಯರ್, ಪೂರ್ತಿ ಹೆಸರು ಕೋಲಾರ ವೆಂಕಟೇಶ ಅಯ್ಯರ್ (1897-1980). ಹರ್ಕ್ಯುಲಿಸ್ ಜಿಮ್ನಾಸಿಯಂ ಅವರದ್ದು. 1930ರಲ್ಲಿ 'ಮಸಲ್ ಕಲ್ಟ್' ಅನ್ನೋ ಇಂಗ್ಲಿಷ್ ಪುಸ್ತಕ, ಆಮೇಲೆ 'ಪರ್ಫೆಕ್ಟ್ ಫಿಸೀಕ್', 'ಸೂರ್ಯ ನಮಸ್ಕಾರ್'. ಅಂಚೆ ಮೂಲಕ ಪಾಠ ಕಳಿಸ್ತಿದ್ರು, ದೂರದೂರದಲ್ಲಿ ಶಿಷ್ಯರು. ಮೈಸೂರು ಅರಮನೆಯ ಬೆಂಬಲವೂ ಸಿಕ್ತು.

ಅವರ ಫೋಟೋಗಳನ್ನು ನೋಡಿ. ತಿದ್ದಿ ಬಾಚಿದ ತಲೆ, ಪಕ್ಕದಿಂದ ಬೆಳಕು, ಗೆರೆ ಎಳೆದ ಹಾಗಿರೋ ಹೊಟ್ಟೆ. ತನ್ನ ದೇಹವನ್ನು ತಾನೇ ಹೊಗಳಿ ಬರೆಯೋಕೆ ಅವರಿಗೆ ಒಂಚೂರೂ ಸಂಕೋಚ ಇರಲಿಲ್ಲ. ಇವತ್ತಿದ್ದಿದ್ರೆ ಖಂಡಿತ ಇಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್.

ನನಗೆ ಮುಖ್ಯ ಅನ್ನಿಸೋದು ಅವರು ಬೆರೆಸಿದ ಪಾಕ. ಪಶ್ಚಿಮದ ಬಾರ್‌ಬೆಲ್, ಜೊತೆಗೆ ಹಠಯೋಗದ ಆಸನ, ಜೊತೆಗೆ ಸೂರ್ಯನಮಸ್ಕಾರ. ಭಾರ ಎತ್ತೋದು ಹೊರಗಿನ ಸ್ನಾಯುವಿಗೆ, ಆಸನ ಒಳಗಿನ ಅಂಗಗಳಿಗೆ ಅನ್ನೋದು ಅವರ ನಂಬಿಕೆ. ಸರಿಸುಮಾರು ಅದೇ ಕಾಲಕ್ಕೆ, 1933ರಿಂದ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸ್ತಿದ್ರು. ಅವರ 'ಯೋಗ ಮಕರಂದ' 1934ರಲ್ಲಿ ಬಂದದ್ದು ಕನ್ನಡದಲ್ಲಿ. ಯೋಗದಲ್ಲಿ ಹೊಟ್ಟೆ ಒಳಗೆಳೆಯೋ ಉಡ್ಡಿಯಾನ, ನಡುವಿನ ಸ್ನಾಯುವನ್ನು ಕಂಬದ ಹಾಗೆ ಎಬ್ಬಿಸಿ ತಿರುಗಿಸೋ ನೌಲಿ ಇವೆ. ಹೊಟ್ಟೆ ಸ್ನಾಯುವಿನ ಮೇಲೆ ಹಿಡಿತ ಸಾಧಿಸೋದು ಪ್ಯಾಕ್ ಫ್ಯಾಶನ್ನಿಗಿಂತ ಎಷ್ಟೋ ಹಳೇದು.

ಅಯ್ಯರ್ ಜಿಮ್ಮಿಗೆ ಟಿ.ಪಿ. ಕೈಲಾಸಂ ಬಂದು ಕೂರ್ತಿದ್ರು, ನಾಟಕದ ಹರಟೆ ನಡೀತಿತ್ತು. ಅಯ್ಯರ್ ಕನ್ನಡದಲ್ಲಿ ಕಾದಂಬರಿಯನ್ನೂ ಬರೆದ್ರು: 'ಶಾಂತಲಾ', 'ರೂಪದರ್ಶಿ'. ಎರಡನೆಯದರಲ್ಲಿ ಮೈಕೆಲಾಂಜೆಲೋ ಬಾಲಯೇಸುವಿಗೆ ಒಬ್ಬ ಮುದ್ದು ಹುಡುಗನನ್ನು ರೂಪದರ್ಶಿ ಮಾಡ್ಕೋತಾನೆ. ವರ್ಷಗಳಾದ ಮೇಲೆ ಜೂದಾಸನ ಮುಖಕ್ಕಾಗಿ ಹುಡುಕಿ ಹುಡುಕಿ ಒಬ್ಬನನ್ನು ಹಿಡಿದು ತಂದ್ರೆ, ಅವನೇ ಇವನು. ಬಿಫೋರ್-ಆಫ್ಟರ್ ಫೋಟೋಗಳ ಮೇಲೆ ಕನ್ನಡದ ಅತ್ಯುತ್ತಮ ಕಾದಂಬರಿ ಬರೆದದ್ದು ಒಬ್ಬ ಬಾಡಿಬಿಲ್ಡರ್, ಅದೂ ಉಲ್ಟಾ ದಿಕ್ಕಿನಲ್ಲಿ. ಲೈಬ್ರರಿಯಲ್ಲಿ ಸಿಕ್ರೆ ಬಿಡಬೇಡಿ.

ಸಿನಿಮಾದ ಬಗ್ಗೆ ಎರಡೇ ಮಾತು. 'ಕಾಮನಬಿಲ್ಲು' (1983) ಚಿತ್ರದ ಯೋಗಾಸನಗಳನ್ನು ಮಾಡುವಾಗ ಡಾ. ರಾಜ್‌ಕುಮಾರ್ ಐವತ್ತು ದಾಟಿದ್ರು. 2007ರ 'ಓಂ ಶಾಂತಿ ಓಂ' ಹಾಡಿನಲ್ಲಿ ಶಾರುಖ್ ಖಾನ್ ಅಂಗಿ ಬಿಚ್ಚಿದ ಮೇಲೆ "ಸಿಕ್ಸ್ ಪ್ಯಾಕ್" ಅನ್ನೋ ಪದ ನಮ್ಮ ಬಸ್‌ಸ್ಟ್ಯಾಂಡಿಗೂ ಬಂತು.

ಭಾಗ 8/8

ಈಗ ಮೊದಲ ಪ್ರಶ್ನೆ. ತೂಕ ಇಳಿದ ಮೇಲೂ ಹೊಟ್ಟೆ ಯಾಕೆ ಹಾಗೇ?

ಹೊಟ್ಟೆಗೆ ಕ್ರಂಚಸ್ ಮಾಡಿದ್ರೆ ಹೊಟ್ಟೆಯ ಕೊಬ್ಬೇ ಕರಗುತ್ತಾ ಅಂತ ಅಳೆದು ನೋಡಿದೋರು ಇದಾರೆ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ಕೈಗಳ ಕೊಬ್ಬಿನ ಪದರ ಅಳೆದ್ರು. ವರ್ಷಗಟ್ಟಲೆ ಬ್ಯಾಟ್ ಬೀಸಿದ ಕೈಯಲ್ಲಿ ಸ್ನಾಯು ಹೆಚ್ಚು, ಚರ್ಮದಡಿಯ ಕೊಬ್ಬು ಮಾತ್ರ ಎರಡರಲ್ಲೂ ಒಂದೇ. 1984ರಲ್ಲಿ ಫ್ರಾಂಕ್ ಕ್ಯಾಚ್ ಮತ್ತು ಜೊತೆಗಾರರು 13 ಗಂಡಸರಿಂದ 27 ದಿನದಲ್ಲಿ ತಲಾ 5004 ಸಿಟಪ್ ಮಾಡಿಸಿದ್ರು. ಶುರುವಲ್ಲಿ ಮತ್ತು ಕೊನೆಯಲ್ಲಿ ಹೊಟ್ಟೆ, ಪೃಷ್ಠ, ಬೆನ್ನಿನಿಂದ ಸೂಜಿಯಲ್ಲಿ ಕೊಬ್ಬು ತೆಗೆದು ನೋಡಿದ್ರು. ಕೊಬ್ಬಿನ ಕೋಶಗಳು ಮೂರು ಕಡೆಯೂ ಸರಿಸುಮಾರು ಒಂದೇ ಅಳತೆಯಲ್ಲಿ ಕುಗ್ಗಿದ್ವು. ಐದು ಸಾವಿರ ಸಿಟಪ್ಪೂ ಹೊಟ್ಟೆಯನ್ನು ಆರಿಸಿಕೊಳ್ಳಲಿಲ್ಲ. ಕೊಬ್ಬು ಎಲ್ಲಿಂದ ಮೊದಲು ಹೋಗಬೇಕು ಅನ್ನೋದನ್ನು ದೇಹ ತೀರ್ಮಾನಿಸುತ್ತೆ. ಹೆಚ್ಚಿನ ಹುಡುಗರಲ್ಲಿ ಹೊಟ್ಟೆ ಕೊನೇ ಸರದಿ.

ಪ್ಯಾಕ್ ಹೊಸದಾಗಿ ಹುಟ್ಟೋದಲ್ಲ, ಎಲ್ಲರಲ್ಲೂ ಇದೆ. ಎದೆಗೂಡಿನಿಂದ ಕೆಳಗೆ ಇಳಿಯೋ ಎರಡು ಪಟ್ಟಿ ಸ್ನಾಯು, ನಡುವೆ ಒಂದು ಬಿಳಿ ನಾರಿನ ಗೆರೆ, ಅಡ್ಡಕ್ಕೆ ಮೂರು ಜೊತೆ ನಾರಿನ ಪಟ್ಟಿ. ಕೆಲವರಿಗೆ ಅಡ್ಡಪಟ್ಟಿ ಎರಡೇ ಜೊತೆ, ಕೆಲವರಿಗೆ ನಾಲ್ಕು, ಕೆಲವರಿಗೆ ಎಡಬಲ ಸಮ ಇರಲ್ಲ. ಅದು ಹುಟ್ಟಿನಿಂದ ಬಂದದ್ದು. ಆರರ ಬದಲು ನಾಲ್ಕು ಕಂಡ್ರೆ ಜಿಮ್ ಬದಲಾಯಿಸಿ ಪ್ರಯೋಜನ ಇಲ್ಲ.

ಬರೀ ಊಟ ಕಡಿಮೆ ಮಾಡಿ, ಓಡಿ ತೂಕ ಇಳಿಸಿದೋರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಒಂದಿಷ್ಟು ಹೋಗಿರುತ್ತೆ. ಅವರಿಗೆ ಈಗ ಬೇಕಾಗಿರೋದು ಇನ್ನಷ್ಟು ಉಪವಾಸ ಅಲ್ಲ, ಅಯ್ಯರ್ ಮೇಷ್ಟ್ರ ಅರ್ಧದ ಕೆಲಸ: ಭಾರ ಎತ್ತೋದು, ದಂಡ, ಬಸ್ಕಿ, ಹೊಟ್ಟೆಗೂ ಸ್ವಲ್ಪಸ್ವಲ್ಪ ಹೆಚ್ಚಿಸ್ತಾ ಹೋಗೋ ಕಸರತ್ತು, ಜೊತೆಗೆ ಮೊಟ್ಟೆ, ಮೀನು, ಬೇಳೆ, ಮಾಂಸ. ತಿಂಗಳುಗಳ ಲೆಕ್ಕ, ವಾರದ್ದಲ್ಲ. ತುಂಬಾ ತೂಕ ಇಳಿಸಿದೋರಲ್ಲಿ ನೇತಾಡೋದು ಕೊಬ್ಬೇ ಆಗಿರಬೇಕಾಗಿಲ್ಲ, ಹಿಗ್ಗಿದ್ದ ಚರ್ಮವೂ ಆಗಿರಬಹುದು. ಚಿವುಟಿ ನೋಡಿದಾಗ ತೆಳ್ಳಗೆ, ಬಟ್ಟೆ ಹಾಗೆ ಸಿಕ್ರೆ ಅದು ಚರ್ಮ. ಚಿಕ್ಕ ವಯಸ್ಸಿನಲ್ಲಿ ತಕ್ಕಮಟ್ಟಿಗೆ ತಾನಾಗೇ ಬಿಗಿಯುತ್ತೆ, ಪೂರ್ತಿ ಹೋಗದೇನೂ ಇರಬಹುದು. ಯಾವ ಕ್ಯಾಪ್ಸೂಲೂ ಚರ್ಮ ಎಳೆದು ಕಟ್ಟಲ್ಲ.

ಹುಡುಗಿಯರಿಗೆ ಒಂದು ಮಾತು, ಯಾಕಂದ್ರೆ ಈ ಮೆಸೇಜ್‌ಗಳಲ್ಲಿ ಅರ್ಧ ನಿಮ್ಮದೇ. ಗಂಡಸರ ಹಾಗೆ ಗೆರೆ ಕಾಣೋವರೆಗೆ ಕೊಬ್ಬು ಇಳಿಸಿದ್ರೆ ಮುಟ್ಟು ನಿಲ್ಲಬಹುದು, ಮೂಳೆ ಸವೆಯಬಹುದು. ಎರಡು ಮೂರು ತಿಂಗಳು ಮುಟ್ಟಾಗದಿದ್ರೆ "ಡಯಟ್ ಕೆಲಸ ಮಾಡ್ತಿದೆ" ಅಂತ ಖುಷಿಪಡಬೇಡಿ, ಡಾಕ್ಟರಿಗೆ ತೋರಿಸಿ.

ಡಬ್ಬಿ ಫೋಟೋ ಕಳಿಸಿದೋರಿಗೆ ನಾನು ಈ ಎಂಟೂ ಭಾಗ ಮೊದಲೇ ಕಳಿಸಿದ್ದೆ. ಓದಿ ಒಂದೇ ಪ್ರಶ್ನೆ ಕೇಳಿದ್ರು: "ಉಳಿದ ಕ್ಯಾಪ್ಸೂಲ್ ಏನ್ಮಾಡ್ಲಿ?" ಕಸಕ್ಕೆ. ಪಂದಿ ಕರಿಗೆ ಒಡೆದು ಹಾಕೋ ಐಡಿಯಾ ಕಾಮೆಂಟಲ್ಲಿ ಯಾರೂ ಕೊಡಬೇಡಿ, ದಯವಿಟ್ಟು.

ಮುಂದಿನ ಸರಣಿ ಗರಡಿಮನೆ ಮಣ್ಣಿನ ಬಗ್ಗೆ. ಅದಕ್ಕೆ ಎಣ್ಣೆ, ಅರಿಶಿನ ಯಾಕೆ ಬೆರೆಸ್ತಾರೆ ಅಂತ ಗೊತ್ತಿದ್ದೋರು, ಮನೆಯಲ್ಲಿ ಹಳೇ ಪೈಲ್ವಾನರ ಫೋಟೋ ಇದ್ದೋರು, ಮೆಸೇಜ್ ಮಾಡಿ.

#ಕಾಚಂಪುಳಿ #ಅಮ್ಮತ್ತಿ #ಕೊಡಗು #ಕನ್ನಡಇತಿಹಾಸ #ಕೆವಿಅಯ್ಯರ್